ಡಿಗ್ರಿ ಮೊದಲ ವರ್ಷದವರಿಗೆ ಭರತನಾಟ್ಯ: 45 ಗಂಟೆಯಲ್ಲಿ ಎಲ್ಲಿಂದ ಶುರು ಮಾಡೋದು, ಎಲ್ಲಿಗೆ ನಿಲ್ಲಿಸೋದು?

ಹೆಜ್ಜೆಗುರುತು

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನ ಮೊದಲ ವರ್ಷದವರಿಗೆ ಭರತನಾಟ್ಯವನ್ನು ಐಚ್ಛಿಕ ವಿಷಯವಾಗಿ ಇಟ್ಟಿದ್ದಾರೆ. ವಾರಕ್ಕೆ ಎರಡು ತರಗತಿ, ತಲಾ ಒಂದೂವರೆ ಗಂಟೆ, 15 ವಾರ. ಒಟ್ಟು 45 ಗಂಟೆ. 30 ಜನ, ಹುಡುಗರೂ ಇದ್ದಾರೆ, ಹೆಚ್ಚಿನವರಿಗೆ ನೃತ್ಯದ ಗಂಧಗಾಳಿ ಇಲ್ಲ. ಸಿಮೆಂಟ್ ಮೇಲೆ ಟೈಲ್ಸ್ ಹಾಕಿದ ನೆಲ.

ಕೊಟ್ಟಿರೋ ಪಠ್ಯ ನೋಡಿ: ಅಡವು ಅಂದ್ರೆ ಮೂಲ ಹೆಜ್ಜೆಗಳಲ್ಲಿ ತಟ್ಟಡವು (ಪಾದ ತಟ್ಟೋದು) ಎಂಟು, ನಾಟಡವು (ಕಾಲು ಚಾಚೋದು) ಎಂಟು, ಕುದಿತ್ತು ಮೆಟ್ಟಡವು (ಜಿಗಿದು ಹಿಮ್ಮಡಿ ಬಡಿಯೋದು), 28 ಅಸಂಯುತ ಹಸ್ತ (ಒಂದೇ ಕೈಯ ಮುದ್ರೆ) ವಿನಿಯೋಗ (ಯಾವುದಕ್ಕೆ ಬಳಸೋದು ಅನ್ನೋದು) ಸಮೇತ, ತಲೆ, ಕಣ್ಣು, ಕತ್ತಿನ ಚಲನೆಗಳಾದ ಶಿರೋಭೇದ, ದೃಷ್ಟಿಭೇದ, ಗ್ರೀವಾಭೇದ, ಕೊನೆಗೆ ಅಲರಿಪು (ಪ್ರದರ್ಶನದ ಶುರುವಿಗೆ ಮಾಡೋ ನೃತ್ಯ). ಚಿಕ್ಕ ಮಕ್ಕಳಿಗೆ ಒಂದೆರಡು ವರ್ಷ ಹಿಡಿಯೋ ಸರಕು ಇದು. ಏನು ಉಳಿಸ್ಕೊಳ್ಳೋದು, ಏನು ಬಿಡೋದು? ಅರೆಮಂಡಿಯಲ್ಲಿ (ಮಂಡಿ ಪಕ್ಕಕ್ಕೆ ತೆರೆದು ಅರ್ಧ ಕೂರೋ ನಿಲುವು) ಎಷ್ಟು ಕೂರಿಸಬೇಕು? ಮೂರು ಕಾಲದಲ್ಲೂ (ನಿಧಾನದ ವಿಳಂಬ, ನಡುವಿನ ಮಧ್ಯಮ, ಚುರುಕಿನ ದ್ರುತ) ಮಾಡಿಸಲೇಬೇಕಾ? ಪಾಠ ಮಾಡಿ ಗೊತ್ತಿರೋರು ದಯವಿಟ್ಟು ಬಿಡಿಸಿ ಬರೀರಿ.

ಮಣೆಕೋಲು

ಮೊದಲನೇ ಕೆಲಸ, ಆ ಪಠ್ಯದಲ್ಲಿ ಮೂರನೇ ಎರಡು ಭಾಗ ಹೊಡೆದು ಹಾಕಿ. ಮೊದಲ ಮೂರು ತಟ್ಟಡವು, ಎರಡು ನಾಟಡವು, ಒಂದು ಮೆಟ್ಟಡವು, ಏಳೆಂಟು ಹಸ್ತ. ಇಷ್ಟನ್ನು ತಾಳಕ್ಕೆ ಸರಿಯಾಗಿ, ನಿಂತ ನಿಲುವು ಕೆಡದ ಹಾಗೆ ಮಾಡಿದರೆ 45 ಗಂಟೆ ಸಾರ್ಥಕ. ಎಂಟೆಂಟು ಅಡವು ಓಡಿಸಿದರೆ ಒಂದೂ ಕೂರಲ್ಲ, ಮುಂದಿನ ಸೆಮಿಸ್ಟರ್ ಹೊತ್ತಿಗೆ ಎಲ್ಲ ಮರೆತಿರ್ತಾರೆ.

ಶ್ರುತಿಪೆಟ್ಟಿಗೆ

ಮಣೆಕೋಲು ಅವರ ಮಾತು ಒಪ್ಪಲ್ಲ. ವಿಶ್ವವಿದ್ಯಾಲಯ ಪಠ್ಯ ಅಂತ ಕೊಟ್ಟ ಮೇಲೆ ಪರೀಕ್ಷೆಯಲ್ಲಿ ಎಂಟನೇ ತಟ್ಟಡವು ಕೇಳಿದರೆ ಮಕ್ಕಳು ಏನು ಮಾಡಬೇಕು? 28 ಹಸ್ತ ನಾಟ್ಯಶಾಸ್ತ್ರದ ಬುನಾದಿ, ಶ್ಲೋಕ ಬಾಯಿಪಾಠ ಮಾಡಿಸೋಕೆ ಎಷ್ಟು ಹೊತ್ತು? 18ರ ವಯಸ್ಸಿಗೆ ನೆನಪಿನ ಶಕ್ತಿ ಚೆನ್ನಾಗಿರುತ್ತೆ.

ತಾಳೆಗರಿ

ಒಂದು ತಿದ್ದುಪಡಿ. 28 ಅಸಂಯುತ ಹಸ್ತ ಇರೋದು ನಂದಿಕೇಶ್ವರನ ಅಭಿನಯದರ್ಪಣದಲ್ಲಿ. ನಾಟ್ಯಶಾಸ್ತ್ರದಲ್ಲಿ ಅಸಂಯುತ 24, ಸಂಯುತ (ಎರಡೂ ಕೈ ಸೇರಿಸಿದ್ದು) 13, ಆಮೇಲೆ ಬರೀ ಕುಣಿತದ ನೃತ್ತಹಸ್ತಗಳು ಬೇರೆ. ತರಗತಿಯಲ್ಲಿ ನಾವು ಹೇಳಿಸೋ ‘ಪತಾಕಸ್ತ್ರಿಪತಾಕೋ’ ಪಟ್ಟಿ ದರ್ಪಣದ್ದು. ಥಿಯರಿ ಪತ್ರಿಕೆಯಲ್ಲಿ ಇದೇ ಜಾಗದಲ್ಲಿ ಅಂಕ ಹೋಗುತ್ತೆ.

ಹುಬ್ಬಳ್ಳಿ_ಫಿಸಿಯೋ

ಅಲ್ರೀ, ಹಸ್ತದ ಲೆಕ್ಕ ಆಮ್ಯಾಲೆ ಮಾಡೂಣು. ಮೊದಲ ಮಂಡಿ ಉಳಸ್ರಿ.

ಸಣ್ಣ ಹುಡುಗರು ವರ್ಷಗಟ್ಟಲೆ ಕಲಿತಾ ಕಲಿತಾ ಚಪ್ಪಿ ಸುತ್ತಿನ ಸ್ನಾಯು ಅದಕ್ಕ ಹೊಂದ್ಕೋತಾವು. 18ರ ಹೊತ್ತಿಗೆ ಎಲುಬಿನ ಕೀಲು ಹೆಂಗದ ಹಂಗ ಕೂತಿರತೈತಿ. ತೊಡಿ ಎಲುಬು ಸೊಂಟದ ಕೀಲಿನ್ಯಾಗ ಹೊರಗ ತಿರುಗೂದು ಒಬ್ಬೊಬ್ಬರಿಗೆ ಒಂದೊಂದು ಅಳತಿ. ಅಲ್ಲಿ ತಿರುಗಲಿಲ್ಲ ಅಂದ್ರ ಹುಡುಗರು ಏನ್ ಮಾಡ್ತಾರ? ಪಾದ ಅಷ್ಟ ಹೊರಗ ತಿರುವಿ ಇಡ್ತಾರ. ಪಾದ ಹೊರಗ, ಮಂಡಿ ಒಳಗ. ನಡುವಿನ ತಿರುಚು ಎಲ್ಲಾ ಮಂಡಿಗೆ ಬೀಳತೈತಿ. ಪಾದದ ಒಳಗಿನ ಕಮಾನೂ ನೆಲಕ್ಕ ಕುಸೀತೈತಿ.

ಅದಕ್ಕ ಮೊದಲನೇ ದಿನ ಈ ಪರೀಕ್ಷಾ ಮಾಡ್ರಿ. ಹಿಮ್ಮಡಿ ಕೂಡಿಸಿ ನೆಟ್ಟಗ ನಿಲ್ಲಸ್ರಿ, ಮಂಡಿ ಬಗ್ಗಸಬಾರದು. ಎರಡೂ ಮುಂಗಾಲು ಸ್ವಲ್ಪ ಎತ್ತಿ, ಹಿಮ್ಮಡಿ ಮ್ಯಾಲೆ ತಿರುಗಿ, ತೊಡಿಯಿಂದ ಎಷ್ಟು ತೆರೀತಾರೋ ಅಷ್ಟು ತೆರೀಲಿ. ಕೈಲೆ ಒತ್ತಬ್ಯಾಡ್ರಿ. ಪಾದ ಇಟ್ಟಾಗ ಬಂದ ಕೋನ ಅವರದು, ಅಷ್ಟರಾಗ ಅರೆಮಂಡಿ ಕೂಡ್ರಿಸ್ರಿ. ಕೂತಾಗ ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕ ಬರಬೇಕು. ಬರಲಿಲ್ಲ ಅಂದ್ರ ಪಾದ ಇನ್ನೂ ಮುಚ್ಚಸ್ರಿ.

ಹೆಜ್ಜೆಗುರುತು

ಡಾಕ್ಟ್ರೇ, ಆಳ ಎಷ್ಟು? ಪೂರ್ತಿ ಕೂರಿಸದೆ ಇದ್ದರೆ ‘ಅದು ಅರೆಮಂಡಿನೇ ಅಲ್ಲ’ ಅಂತ ಹೊರಗಿನಿಂದ ಬರೋ ಪರೀಕ್ಷಕರು ಹೇಳ್ತಾರೆ.

ಹುಬ್ಬಳ್ಳಿ_ಫಿಸಿಯೋ

ಗ್ವಾಡಿಗೆ ಬೆನ್ನು ಹಚ್ಚಿ ನಿಲ್ಲಸ್ರಿ. ತಲಿ, ಬೆನ್ನು, ಬಾಲದೆಲುಬು ಮೂರೂ ಹತ್ತಿರಬೇಕು, ಹಿಮ್ಮಡಿ ನಾಕು ಬೆರಳು ಮುಂದ. ಎಂಟು ಎಣಿಸಿ ಇಳೀರಿ, ಎಂಟು ನಿಲ್ರಿ, ಎಂಟು ಎಣಿಸಿ ಏಳ್ರಿ. ಬಾಲದೆಲುಬು ಯಾವಾಗ ಗ್ವಾಡಿ ಬಿಡತೈತಿ ಅಥವಾ ಹಿಮ್ಮಡಿ ಯಾವಾಗ ಏಳತೈತಿ, ಅದಕ್ಕಿಂತ ಒಂದು ಬೆರಳು ಮ್ಯಾಲೆ ಅವರ ಆಳ. ಮೊದಲ ಎರಡು ವಾರ ನಾಕು ಸುತ್ತು ಸಾಕು, ಆಮ್ಯಾಲೆ ಎಂಟು. ಸೊಂಟ ಹಿಂದಕ ಚಾಚಿ, ಎದಿ ಮುಂದ ತಳ್ಳಿ ಕೂತವರು ಕೆಳಗ ಕೂತಂಗ ಕಾಣ್ತಾರ ಅಷ್ಟ, ನಡಾ ನೋವು ಗ್ಯಾರಂಟಿ.

ಶ್ರುತಿಪೆಟ್ಟಿಗೆ

ಇಷ್ಟು ಸಡಿಲ ಬಿಟ್ಟರೆ ಭರತನಾಟ್ಯದ ರೂಪವೇ ಹೋಗುತ್ತೆ. ಮಂಡಿ ಎರಡೂ ಪಕ್ಕಕ್ಕೆ ತೆರೆದು ಕಾಲುಗಳ ನಡುವೆ ಆ ಚೌಕ ಕಾಣದಿದ್ದರೆ ಅಡವಿಗೆ ಅಂದವೇ ಇಲ್ಲ. ಮಕ್ಕಳು ನೋವು ಅಂದ ತಕ್ಷಣ ಬಿಟ್ಟುಬಿಡೋದು ಸರಿಯಲ್ಲ. ಸ್ವಲ್ಪ ಒತ್ತಡ ಇಲ್ಲದೆ ಯಾವ ಕಲೆ ಬಂದಿದೆ?

ಹುಬ್ಬಳ್ಳಿ_ಫಿಸಿಯೋ

ಯಾವ ನೋವು ಅಂತ ಮೊದಲ ಕೇಳ್ರಿ. ಎರಡೂ ತೊಡಿ ಮುಂದ, ಮೀನಖಂಡದಾಗ ಜಡ್ಡು ಹಿಡದಂಗ ನೋವು, ಮರುದಿನ ಹೆಚ್ಚು, ಮೂರನೇ ದಿನಕ್ಕ ಕಡಿಮಿ: ಅದು ಹೊಸ ಕೆಲಸದ ನೋವು, ಚಿಂತಿ ಬ್ಯಾಡ. ಮಂಡಿಚಿಪ್ಪಿನ ಕೆಳಗ ಚುಚ್ಚಿದಂಗ, ಮೆಟ್ಟಲಾ ಇಳಿಯುವಾಗ ಹೆಚ್ಚು ಅಂದ್ರ ಆಳ ಕಡಿಮಿ ಮಾಡ್ರಿ, ಪಾದ ಮುಚ್ಚಸ್ರಿ. ಮೊಣಕಾಲಿಂದ ಕೆಳಗ ಮುಂದಿನ ಎಲುಬಿನ ಒಳಬದಿಗೆ ಉದ್ದಕ್ಕ ನೋವು ಅಂದ್ರ ಕಾಲು ಬಡಿಯೂದು ಹೆಚ್ಚಾಗೇದ, ವಾರ ಬಿಡಸ್ರಿ. ಅದೇ ಎಲುಬಿನ ಮ್ಯಾಲೆ ಒಂದ ಬೆರಳಿನಷ್ಟ ಜಾಗದಾಗ ಒತ್ತಿದ್ರ ಜೀವಾ ಹೋಗೂ ನೋವು ಇದ್ರ ಎಲುಬಿನ ಡಾಕ್ಟರ್ ಹತ್ರ ಕಳಸ್ರಿ, ಕುಣಿಸಬ್ಯಾಡ್ರಿ. ಎಲುಬಿಗೆ ಕೂದಲೆಳಿಯಷ್ಟು ಬಿರುಕು ಬಿಟ್ಟಿರಬಹುದು.

ಮಣೆಕೋಲು

ಹೊಡೆತದ ಲೆಕ್ಕ ಯಾರೂ ಹಾಕಲ್ಲ, ಹಾಕಿ ನೋಡೋಣ. ಒಂದನೇ ತಟ್ಟಡವು, ಆದಿತಾಳ (ಎಂಟು ಏಟಿನ ತಾಳ) ಒಂದು ಆವರ್ತ, ಅಂದ್ರೆ ಒಂದು ಸುತ್ತು. ವಿಳಂಬದಲ್ಲಿ 8 ಹೊಡೆತ, ಮಧ್ಯದಲ್ಲಿ 16, ದ್ರುತದಲ್ಲಿ 32. ಒಟ್ಟು 56. ಒಂದೊಂದು ಕಾಲಕ್ಕೆ ನಾಲ್ಕು ಆವರ್ತ ಅಂದ್ರೆ 224. ಇದೇ ಅಂದಾಜಿನಲ್ಲಿ ಎಂಟು ಅಡವು ಮಾಡಿಸಿದರೆ ಸಾವಿರದ ಏಳುನೂರು ದಾಟುತ್ತೆ. ಬಿಡುವು ಇರೋ ಅಡವುಗಳಲ್ಲಿ ಸ್ವಲ್ಪ ಕಡಿಮೆ, ಅಷ್ಟೇ. ಟೈಲ್ಸ್ ನೆಲದ ಮೇಲೆ, ಮೊದಲ ತಿಂಗಳು, ಒಂದೇ ದಿನ! ಕಾಲು ಕೆಡದೆ ಇನ್ನೇನಾಗುತ್ತೆ? ಮೊದಲ ಮೂರು ವಾರ ದಿನಕ್ಕೆ 300 ಹೊಡೆತ ದಾಟಿಸಬೇಡಿ. ಉಳಿದ ಹೊತ್ತು ಕೈಯಲ್ಲಿ ತಾಳ, ಬಾಯಲ್ಲಿ ಸೊಲ್ಲು, ಅಂದ್ರೆ ‘ತಕಧಿಮಿ’ ಥರದ ತಾಳದ ಅಕ್ಷರಗಳು.

ಬೆವರು_ಬೆಂಗಳೂರು

ನೆಲಕ್ಕೆ ಜಮಖಾನ ಹಾಸಿದರೆ ಆಗಲ್ವಾ?

ಮಣೆಕೋಲು

ಬೇಡವೇ ಬೇಡ. ಜಮಖಾನ ಜಾರುತ್ತೆ, ಕಾಲ್ಬೆರಳು ಸಿಕ್ಕಿಕೊಳ್ಳುತ್ತೆ. ಮಕ್ಕಳ ಆಟದ ದಪ್ಪ ಫೋಮ್ ಮ್ಯಾಟೂ ಬೇಡ, ಪಾದ ಅದರಲ್ಲಿ ಹೂತು ಹಿಮ್ಮಡಿಕೀಲು ಹೊರಳುತ್ತೆ. ಕಾಲೇಜಿನ ಸಭಾಂಗಣದಲ್ಲಿ ಮರದ ಹಲಗೆಯ ವೇದಿಕೆ ಇದ್ದರೆ ಕೇಳಿ ಇಸ್ಕೊಳ್ಳಿ. ಹಲಗೆ ಕೆಳಗೆ ಟೊಳ್ಳಿರೋದ್ರಿಂದ ಏಟು ಹೀರುತ್ತೆ, ಸದ್ದೂ ಚೆನ್ನಾಗಿ ಕೇಳುತ್ತೆ. ಟೈಲ್ಸೇ ಗತಿ ಅಂದ್ರೆ ಹಿಂದಿನ ದಿನ ಸಾಬೂನು ನೀರಲ್ಲಿ ಒರೆಸಿಸಬೇಡಿ, ಬರೀ ನೀರಲ್ಲಿ ಒರೆಸಿ ಒಣಗಿಸಿ. ಕಾಲುಚೀಲ ಹಾಕ್ಕೊಂಡು ಯಾರೂ ನಿಲ್ಲಬಾರದು.

ಕುಂದಾಪ್ರದ_ಹೆಜ್ಜೆ

ನೀವೆಲ್ಲ ಕಾಲಿನದ್ದೇ ಹೇಳ್ತಾ ಇದ್ದೀರಿ ಮಾರಾಯ್ರೆ, ತಾಳ ಎಲ್ಲುಂಟು? ನಮ್ಮ ಕರಾವಳಿಯ ಕಾಲೇಜುಗಳಲ್ಲಿ ಯಕ್ಷಗಾನ ಕಲಿಸುವಾಗ ಮೊದಲು ಬಾಯಿತಾಳ. ಕೂತು, ಕೈಯಲ್ಲಿ ತಾಳ ಹಾಕಿ, ಬಾಯಲ್ಲಿ ಹೇಳಬೇಕು. ಅದು ತಪ್ಪದ ಹಾಗೆ ಬಂದ ಮೇಲೆಯೇ ಹೆಜ್ಜೆ. ಅಲ್ಲಿಯೂ 18, 19ರ ಹುಡುಗರೇ, ಅವರಿಗೂ ಮೊದಲು ಏನೂ ಗೊತ್ತಿರುವುದಿಲ್ಲ. ಭರತನಾಟ್ಯದವರು ಮೊದಲ ದಿನವೇ ನಿಲ್ಲಿಸಿ ಕುಣಿಸುವುದು ಯಾಕೆ ಅಂತ.

ತಾಳೆಗರಿ

ಇದು ಮುಖ್ಯವಾದ ಮಾತು. ಹೊಸಬರು ತಾಳ ತಪ್ಪುವುದಕ್ಕೆ ಕಿವಿ ಮಂದ ಅನ್ನೋದು ಕಾರಣ ಆಗಿರೋದು ತೀರಾ ಅಪರೂಪ. ಅವರು ಪಕ್ಕದವರ ಕಾಲು ನೋಡಿಕೊಂಡು ಹೊಡೆಯುತ್ತಾರೆ, ನೋಡಿ ಹೊಡೆದದ್ದು ಯಾವಾಗಲೂ ಕೂದಲೆಳೆ ತಡ. ಹಿಂದಿನ ಸಾಲು ಮುಂದಿನದನ್ನು ನೋಡುತ್ತೆ, ತಡ ಇನ್ನಷ್ಟು ಬೆಳೆಯುತ್ತೆ. 30 ಜನ ಒಟ್ಟಿಗೆ ಮಾಡಿದಾಗ ‘ಧಡ್’ ಅಂತ ಒಂದೇ ಸದ್ದು ಬರೋ ಬದಲು ‘ದಡದಡ’ ಅಂತ ಉದುರುತ್ತೆ.

ಪರಿಹಾರ: ವೃತ್ತದಲ್ಲಿ ಮುಖ ಹೊರಗೆ ಮಾಡಿ ನಿಲ್ಲಿಸಿ. ಯಾರಿಗೂ ಯಾರ ಕಾಲೂ ಕಾಣಬಾರದು. ಅರೆಮಂಡಿ ಬೇಡ, ನೇರ ನಿಂತೇ ನಡೆಯೋ ಹಾಗೆ ಬಲ-ಎಡ. ಬಾಯಲ್ಲಿ ‘ತಕಧಿಮಿ’, ‘ತ’ಗೆ ಮಾತ್ರ ಕಾಲು. ಆಮೇಲೆ ‘ತ’ ಮತ್ತು ‘ಧಿ’ಗೆ. ಆಮೇಲೆ ನಾಲ್ಕಕ್ಕೂ. ಗಮನಿಸಿ, ಮೂರು ಕಾಲ ಆಗಲೇ ಬಂದಾಯ್ತು! ಕಾಲ ಅನ್ನೋದು ವೇಗ ಹೆಚ್ಚಿಸೋದಲ್ಲ, ಒಂದೇ ಏಟಿನ ಒಳಗೆ ಒಂದು, ಎರಡು, ನಾಲ್ಕು ತುಂಬೋದು ಅಂತ ಅವರ ಮೈಗೇ ಗೊತ್ತಾಗುತ್ತೆ. ಅದನ್ನು ಮಾತಲ್ಲಿ ವಿವರಿಸೋಕೆ ಹೋದರೆ ಅರ್ಧ ಗಂಟೆ ಹೋದರೂ ಅರ್ಥ ಆಗಲ್ಲ.

ಲಯವಿನ್ಯಾಸ

ಇದಕ್ಕೆ ಒಂದು ಸೇರಿಸ್ತೀನಿ. ಶುರುವಿಗೆ ವಿಳಂಬ ಬೇಡ. ನಿಮಿಷಕ್ಕೆ 40, 45 ಏಟಿನ ವಿಳಂಬ ಹೊಸಬರಿಗೆ ಅತ್ಯಂತ ಕಷ್ಟ. ಏಟು-ಏಟಿನ ನಡುವೆ ಖಾಲಿ ಜಾಗ ಜಾಸ್ತಿ, ಅದನ್ನು ತುಂಬೋಕೆ ಒಳಗೆ ಎಣಿಕೆ ಇರಲ್ಲ, ಹಾಗಾಗಿ ಓಡ್ತಾರೆ. ಮನುಷ್ಯ ಸಲೀಸಾಗಿ ನಡೆಯೋದು ನಿಮಿಷಕ್ಕೆ ಸುಮಾರು 100 ಹೆಜ್ಜೆ. ಮಣೆ ಮೇಲೆ ತಾಳ ಹಾಕೋ ಕೋಲಿನ ಏಟು 45 ಇಟ್ಟರೆ ಮಧ್ಯಮ ಕಾಲ 90, ಅಲ್ಲೇ ಹತ್ತಿರ. ಮೊದಲು ಅದನ್ನು ಕಲಿಸಿ, ಆಮೇಲೆ ಅರ್ಧಕ್ಕೆ ಇಳಿಸಿ ವಿಳಂಬ, ಕೊನೆಗೆ ದ್ರುತ. ಕೋಲನ್ನು 60ಕ್ಕೆ ಇಟ್ಟರೆ ದ್ರುತ 240 ಆಗುತ್ತೆ, ಅಂದ್ರೆ ಸೆಕೆಂಡಿಗೆ ನಾಲ್ಕು ಹೊಡೆತ. ಮೊದಲ ಸೆಮಿಸ್ಟರಿನಲ್ಲಿ ಅದು ಬರೀ ಪಾದ ಅಲುಗಾಡಿಸೋದು ಆಗುತ್ತೆ.

ಶ್ರುತಿಪೆಟ್ಟಿಗೆ

ಮಧ್ಯಮ ಕಾಲದಿಂದ ಶುರು ಮಾಡೋದು ಯಾವ ಪಾಠಾಂತರ? ವಿಳಂಬದಲ್ಲೇ ಅಂಗಶುದ್ಧಿ ಬರೋದು. ಕಾಲು ಎಷ್ಟು ಎತ್ತಬೇಕು, ಎಲ್ಲಿಗೆ ಇಳಿಸಬೇಕು ಅಂತ ನೋಡೋಕೆ ಸಮಯ ಸಿಗೋದು ಅಲ್ಲೇ.

ಲಯವಿನ್ಯಾಸ

ಅಂಗಶುದ್ಧಿಗೆ ವಿಳಂಬ ಬೇಕು ಅನ್ನೋದು ಸರಿ, ಅದಕ್ಕೆ ತಾಳವೇ ಇಲ್ಲದೆ ಬಿಡಿಸಿ ತೋರಿಸಿ. ಎತ್ತು, ನಿಲ್ಲು, ಹೊಡೆ, ನಿಲ್ಲು. ತಾಳದ ಜೊತೆ ಮಾಡಿಸುವಾಗ ಮಧ್ಯಮದಿಂದ. ಎರಡನ್ನೂ ಒಂದೇ ಸಲ ಕೇಳಿದರೆ ಎರಡೂ ಕೆಡುತ್ತೆ.

ಮಣೆಕೋಲು

ಈ ವಿಷಯದಲ್ಲಿ ಲಯವಿನ್ಯಾಸ ಅವರ ಪರ. ‘ಎತ್ತು-ಹೊಡೆ’ ಬಿಡಿಸಿ ಹೇಳಿದ್ರಲ್ಲ, ಅದರ ವಿವರ ನಾನು ಹೇಳ್ತೀನಿ, ಅರ್ಧ ತಪ್ಪು ಅಲ್ಲೇ ಹುಟ್ಟೋದು.

ಅರೆಮಂಡಿಯಲ್ಲಿ ಕೂತು, ಬಲಗಾಲಿನ ಹಿಮ್ಮಡಿಯನ್ನು ಹಿಂದಿನಿಂದ ಪೃಷ್ಠದ ಕಡೆಗೆ ಎತ್ತಬೇಕು. ಮಂಡಿ ಪಕ್ಕಕ್ಕೇ ನೋಡ್ತಿರಬೇಕು, ಮುಂದಕ್ಕೆ ಬರಬಾರದು. ಹೊಸಬರು ಎಲ್ಲರೂ ಕವಾಯತಿನ ಹಾಗೆ ಮಂಡಿ ಮುಂದಕ್ಕೆ ಎತ್ತುತ್ತಾರೆ. ಕಾಲು ಎತ್ತಿದಾಗ ಭಾರ ಪೂರ್ತಿ ಎಡಗಾಲಿಗೆ ಬರುತ್ತೆ, ಆ ಕ್ಷಣಕ್ಕೆ ಎಡ ಸೊಂಟ ಹೊರಗೆ ಜಾರುತ್ತೆ ಅಥವಾ ಇಡೀ ಮೈ ಮೇಲಕ್ಕೆ ಏಳುತ್ತೆ. ತಲೆ ಏಳೋದು ಬೀಳೋದು ಕಂಡರೆ ಮಂಡಿ ನೆಟ್ಟಗಾಗ್ತಿದೆ ಅಂತ ಅರ್ಥ. ಇಳಿಸುವಾಗ ಪೂರ್ತಿ ಪಾದ ಒಂದೇ ಸಲ ಚಪ್ಪಟೆಯಾಗಿ ನೆಲಕ್ಕೆ ತಾಗಬೇಕು. ಹಿಮ್ಮಡಿ ಮೊದಲು ಬಿದ್ದರೆ ಏಟು ಸೀದಾ ಎಲುಬಿಗೆ. ಮುಂಗಾಲು ಮೊದಲು ಬಿದ್ದರೆ ಸದ್ದು ಎರಡಾಗಿ ಒಡೆಯುತ್ತೆ. ಕಣ್ಣಿಗಿಂತ ಕಿವಿಗೆ ಇದು ಬೇಗ ಸಿಗುತ್ತೆ, ಒಬ್ಬೊಬ್ಬರನ್ನೇ ಎಂಟು ಹೊಡೆತ ಹೊಡೆಸಿ ಕಣ್ಮುಚ್ಚಿ ಕೇಳಿ.

ಜೋರಾಗಿ ಹೊಡೆಯೋದೇ ಚೆನ್ನ ಅಂತ ಹುಡುಗರಿಗೆ ಒಂದು ಹುಮ್ಮಸ್ಸು ಇರುತ್ತೆ. ಸದ್ದು ಪಾದದ ಚಪ್ಪಟೆಯಿಂದ ಬರಬೇಕು, ಬಲದಿಂದ ಅಲ್ಲ. ದ್ರುತಕ್ಕೆ ಬಂದಾಗ ಎತ್ತರ ಕಡಿಮೆ ಮಾಡಿ, ಹಿಮ್ಮಡಿ ಇನ್ನೊಂದು ಕಾಲಿನ ಗಂಟಿನಷ್ಟೇ ಎತ್ತರಕ್ಕೆ ಬರಲಿ. ಮಕ್ಕಳು ಎತ್ತರ ಹಾಗೇ ಇಟ್ಟು ಅರೆಮಂಡಿ ಬಿಟ್ಟು ಎದ್ದು ನಿಲ್ತಾರೆ, ಆಗಬೇಕಾದದ್ದು ಅದರ ಉಲ್ಟಾ.

ನಾಟಡವು_ನೀಲಿ

ನಾಟಡವಿನ ಬಗ್ಗೆ ಯಾರಾದರೂ ಹೇಳಿ. ಕಾಲು ಪಕ್ಕಕ್ಕೆ ಚಾಚಿದ ತಕ್ಷಣ ಎಲ್ಲರೂ ಎದ್ದು ನಿಲ್ಲೋದು ಯಾಕೆ?

ಮಣೆಕೋಲು

ಚಾಚೋ ಕಾಲು ತುಂಬಾ ದೂರ ಹೋಗ್ತಿದೆ ಅಥವಾ ತುಂಬಾ ಹತ್ತಿರ ಬೀಳ್ತಿದೆ, ಎರಡರಲ್ಲಿ ಒಂದು. ಅರೆಮಂಡಿಯಲ್ಲಿ ಕೂತೇ, ನಿಂತ ಕಾಲಿನ ಮಂಡಿ ಒಂದಿಷ್ಟೂ ಅಲುಗದ ಹಾಗೆ, ಇನ್ನೊಂದು ಕಾಲನ್ನು ನೆಲಕ್ಕೆ ಸವರಿಕೊಂಡೇ ಪಕ್ಕಕ್ಕೆ ಜಾರಿಸಿಸಿ. ಮಂಡಿ ಪೂರ್ತಿ ನೆಟ್ಟಗಾದಲ್ಲಿ ಹಿಮ್ಮಡಿ ಎಲ್ಲಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅದು ಅವರ ಅಳತೆ. ಪ್ರತಿ ಸಲ ಹಿಮ್ಮಡಿ ಅಲ್ಲಿಗೇ ಬೀಳಬೇಕು, ಬೆರಳು ಮೇಲಕ್ಕೆ ನೋಡಬೇಕು. ಎರಡನೇ ತಪ್ಪು, ಚಾಚಿದ ಕಾಲಿನ ವಿರುದ್ಧ ದಿಕ್ಕಿಗೆ ಮೈ ವಾಲೋದು. ಅದು ಸಮತೋಲಕ್ಕೆ ಮೈ ತಾನಾಗಿ ಮಾಡೋ ಕೆಲಸ. ಕೈ ಸೊಂಟದ ಮೇಲೆ ಇಡಿಸಿ ನಿಧಾನಕ್ಕೆ ಮಾಡಿಸಿ, ಎರಡು ವಾರಕ್ಕೆ ಹೋಗುತ್ತೆ. ಕೈ ಚಲನೆ ಸೇರಿಸೋದು ಆಮೇಲೆ.

ಬೆವರು_ಬೆಂಗಳೂರು

ಮೆಟ್ಟಡವು ಬೇಗ ಬೇಡ ಅಲ್ವಾ? ‘ತೈಹತ್ ತೈಹಿ’ ಕೇಳೋಕೆ ಚೆನ್ನಾಗಿರುತ್ತೆ, ಎಲ್ಲರಿಗೂ ಅದೇ ಬೇಕು.

ಹುಬ್ಬಳ್ಳಿ_ಫಿಸಿಯೋ

ಒಂಬತ್ತು, ಹತ್ತನೇ ವಾರಕ್ಕಿಂತ ಮುಂಚೆ ಬ್ಯಾಡ್ರಿ. ಅಷ್ಟರಾಗ ಒಂಟಿಗಾಲ ಮ್ಯಾಲೆ ಗ್ವಾಡಿ ಹಿಡದು ಹಿಮ್ಮಡಿ ಎತ್ತಿ ಇಳಸೂದು 15 ಸಲ, ಎರಡೂ ಕಾಲಿಗೆ ಬರ್ತಿರಬೇಕು. ಜಿಗತ ಸಣ್ಣದಿರಲಿ, ನೆಲದಿಂದ ಎರಡು ಬೆರಳು ಎತ್ತರ ಸಾಕು. ಮುಂಗಾಲ ಮ್ಯಾಲೆ ಇಳದು, ಮಂಡಿ ಬಗ್ಗೇ ಇರಬೇಕು, ಆಮ್ಯಾಲೆ ಹಿಮ್ಮಡಿ ಬಡೀಬೇಕು. ಮ್ಯಾಲಕ್ಕ ಹಾರೂ ಆಟ ಅಲ್ಲ ಅದು.

ತರಗತಿ ಶುರುವಿಗೆ ಹತ್ತು ನಿಮಿಷ ಮೈ ಬಿಸಿ ಮಾಡಸ್ರಿ: ನಡಗಿ, ಹಿಮ್ಮಡಿ ಗಂಟು ತಿರುವೂದು, ಪಕ್ಕಕ್ಕ ಮಲಗಿ ಹಿಮ್ಮಡಿ ಕೂಡಿಸಿ ಮ್ಯಾಲಿನ ಮಂಡಿ ತೆರಿಯೂದು 12 ಸಲ ಪ್ರತಿ ಬದಿ. ಈ ಕೊನೇದ್ದು ಬಾಳ ಮುಖ್ಯ, ಅರೆಮಂಡಿ ತೆರೆದು ಹಿಡಿಯೂ ಸ್ನಾಯು ಅದ. ಜಗ್ಗಿ ಹಿಡಿಯೂ ಸ್ಟ್ರೆಚ್ ಎಲ್ಲಾ ತರಗತಿ ಮುಗದ ಮ್ಯಾಲೆ, 20-30 ಸೆಕೆಂಡ್ ಒಂದೊಂದು.

ಮೈಸೂರು_ಮಲ್ಲಿಗೆ

ಚರ್ಚೆ ಪೂರ್ತಿ ಮಂಡಿ-ಪಾದದಲ್ಲೇ ಇದೆ. 18ರ ವಯಸ್ಸಿನವರಿಗೆ ಮೈ ಬಗ್ಗುವುದು ಕಷ್ಟ, ನಿಜ. ಆದರೆ ಅವರಲ್ಲಿ ಏಳು ವರ್ಷದ ಮಗುವಿಗೆ ಇಲ್ಲದ ಒಂದು ಶಕ್ತಿ ಇದೆ, ಸಾಹಿತ್ಯ ಅರ್ಥವಾಗುತ್ತದೆ. ಮುನಿಸು, ಕಾಯುವುದು, ನಾಚಿಕೆ, ವ್ಯಂಗ್ಯ ಇವನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ ಅಭಿನಯವನ್ನು ಯಾಕೆ ಮೂರನೇ ವರ್ಷಕ್ಕೆ ತಳ್ಳುತ್ತೀರಿ? ಮೈಸೂರಿನ ಪರಂಪರೆ ಹೆಸರಾಗಿದ್ದೇ ಅಭಿನಯಕ್ಕೆ. ಜಟ್ಟಿ ತಾಯಮ್ಮನವರು, ಅವರ ಶಿಷ್ಯೆ ಕೆ. ವೆಂಕಟಲಕ್ಷ್ಮಮ್ಮನವರು ಕೂತಲ್ಲೇ ಒಂದು ಸಾಲಿಗೆ ಹತ್ತಾರು ಸಂಚಾರಿ (ಅದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ವಿಸ್ತರಿಸಿ ಅಭಿನಯಿಸುವುದು) ಮಾಡುತ್ತಿದ್ದ ಪರಂಪರೆ ಅದು. ಮೈಸೂರು ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ನೃತ್ಯ ಶಿಕ್ಷಣ ಶುರುವಾದಾಗ ಪಾಠ ಹೇಳಲು ಬಂದವರು ಅದೇ ವೆಂಕಟಲಕ್ಷ್ಮಮ್ಮನವರು. ಕಾಲೇಜು ವಯಸ್ಸಿನವರಿಗೆ ನೃತ್ಯ ಎನ್ನುವುದು ನಮ್ಮಲ್ಲಿ ನಿನ್ನೆ ಮೊನ್ನೆಯ ಸಂಗತಿಯಲ್ಲ.

ಮೂರನೇ ವಾರದಿಂದಲೇ ಪ್ರತಿ ತರಗತಿಯ ಕೊನೆಯ 15 ನಿಮಿಷ ನೆಲದ ಮೇಲೆ ಕೂತು ಅಭಿನಯ ಮಾಡಿಸಿ. ಕಾಲಿಗೂ ವಿಶ್ರಾಂತಿ. ಒಂದು ವಚನದ ಎರಡು ಸಾಲು, ಅಥವಾ ದೇವರನಾಮದ ಪಲ್ಲವಿ ಸಾಕು.

ನಾಟಡವು_ನೀಲಿ

ಮುಖದ ಅಭಿನಯ ಅಂದ ಕೂಡಲೇ ನಗ್ತಾರೆ ಮೇಡಂ. ಒಬ್ಬರು ನಕ್ಕರೆ 30 ಜನ ನಗ್ತಾರೆ. ಏನು ಮಾಡೋದು?

ಮೈಸೂರು_ಮಲ್ಲಿಗೆ

ಮುಖದಿಂದ ಶುರು ಮಾಡಬೇಡಿ. ‘ಕೋಪ ತೋರಿಸು’ ಎಂದರೆ ಯಾರಾದರೂ ಹಲ್ಲು ಕಚ್ಚಿ ನಿಲ್ಲುತ್ತಾರೆ, ನಗೆ ಬರುವುದು ಸಹಜ. ಮೊದಲು ಬರೀ ನೋಟ. ಎಡಗೈಯಲ್ಲಿ ಹೂವಿದೆ ಎಂದುಕೊಂಡು ನೋಡುವುದು. ಆಮೇಲೆ ಅಲ್ಲೇ ಜೇನ್ನೊಣ ಇದೆ ಎಂದುಕೊಂಡು ನೋಡುವುದು. ಕೈ ಅದೇ, ಜಾಗ ಅದೇ, ನೋಟ ಮಾತ್ರ ಬೇರೆ, ಹುಬ್ಬು ತಾನಾಗಿ ಬದಲಾಗುತ್ತದೆ. ‘ಯತೋ ಹಸ್ತಸ್ತತೋ ದೃಷ್ಟಿಃ’ (ಕೈ ಎಲ್ಲೋ ಅಲ್ಲಿ ನೋಟ) ಶ್ಲೋಕವನ್ನು ಇದಾದ ಮೇಲೆ ಹೇಳಿ, ಆಗ ಅವರಿಗೆ ಅದು ಬಾಯಿಪಾಠದ ಸಾಲಾಗಿ ಉಳಿಯುವುದಿಲ್ಲ. ಇನ್ನೊಂದು, ಯಾರೂ ಯಾರನ್ನೂ ನೋಡದ ಹಾಗೆ ಎಲ್ಲರನ್ನೂ ಗೋಡೆಯ ಕಡೆ ಕೂರಿಸಿ. ನಾಲ್ಕೈದು ತರಗತಿ ಕಳೆದ ಮೇಲೆ ಇಬ್ಬಿಬ್ಬರನ್ನು ಎದುರು ಬದರು.

ಶ್ರುತಿಪೆಟ್ಟಿಗೆ

ಇದು ನನಗೆ ತುಂಬಾ ಇಷ್ಟವಾಯಿತು. ಹಸ್ತಗಳಿಗೆ ಬರೋಣ, 28ರಲ್ಲಿ ಯಾವುದು ಇಡ್ತೀರಿ, ಯಾವುದು ಬಿಡ್ತೀರಿ?

ತಾಳೆಗರಿ

ಅಡವಿಗೆ ಬೇಕಾಗೋದು ಮೊದಲು: ಪತಾಕ, ತ್ರಿಪತಾಕ, ಅಲಪದ್ಮ, ಕಟಕಾಮುಖ, ಶಿಖರ. ಅಭಿನಯಕ್ಕೆ ಮುಷ್ಟಿ, ಹಂಸಾಸ್ಯ, ಮುಕುಳ. ಪಟ್ಟಿಯ ಶ್ಲೋಕ 28ಕ್ಕೂ ಬಾಯಿಗೆ ಬರಲಿ, ಅದು ನಾಲ್ಕು ದಿನದ ಕೆಲಸ. ಕೈಯಲ್ಲಿ 28ನ್ನೂ ಹಿಡಿದು ತೋರಿಸಲಿ. ವಿನಿಯೋಗದ ಶ್ಲೋಕ ಪತಾಕ ಮತ್ತು ತ್ರಿಪತಾಕಕ್ಕೆ ಮಾತ್ರ. ಪರೀಕ್ಷೆಗೂ ಆಯ್ತು, ಹೊತ್ತೂ ಉಳೀತು.

ಕೈಯಲ್ಲಿ ಆಗೋ ತಪ್ಪುಗಳು ಬಹಳ ಮಟ್ಟಿಗೆ ಒಂದೇ ಥರ. ಪತಾಕದಲ್ಲಿ ಹೆಬ್ಬೆರಳು ಹೊರಗೆ ಚಾಚಿರುತ್ತೆ, ಅದು ತೋರುಬೆರಳಿನ ಬುಡಕ್ಕೆ ಮಡಿದು ಅಂಟಿರಬೇಕು. ತ್ರಿಪತಾಕದಲ್ಲಿ ಉಂಗುರದ ಬೆರಳು ಮಡಿಸಿದಾಗ ಕಿರುಬೆರಳೂ ಜೊತೆಗೆ ಬಗ್ಗುತ್ತೆ. ಇನ್ನೊಂದು ಕೈಯಿಂದ ಕಿರುಬೆರಳನ್ನು ನೆಟ್ಟಗೆ ಹಿಡಿದು ಉಂಗುರದ ಬೆರಳನ್ನು ಮಾತ್ರ ಮಡಿಸಿ ಬಿಡೋದು, ದಿನಾ 20 ಸಲ ಬಸ್ಸಲ್ಲಿ ಕೂತೂ ಮಾಡಬಹುದು. ಅಲಪದ್ಮದಲ್ಲಿ ಬೆರಳು ಬಿಡಿಸ್ತಾರೆ, ಆದರೆ ಮಣಿಕಟ್ಟು ಜೋತು ಬಿದ್ದಿರುತ್ತೆ.

ಲಯವಿನ್ಯಾಸ

ನಾಟ್ಯಾರಂಭದ (ಎರಡೂ ಕೈ ಪಕ್ಕಕ್ಕೆ ಚಾಚಿ ನಿಲ್ಲೋ ಭಂಗಿ) ಮೊಣಕೈ ಮರೀಬೇಡಿ. ಎರಡು ನಿಮಿಷಕ್ಕೆ ಮೊಣಕೈ ಇಳಿಯುತ್ತೆ, ಹೆಗಲು ಕಿವಿ ಹತ್ತಿರ ಏರುತ್ತೆ. ‘ಕೈ ಎತ್ತು’ ಅಂತ ಕೂಗಿದಷ್ಟೂ ಹೆಗಲು ಏರುತ್ತೆ. ‘ಮೊಣಕೈ ಪಕ್ಕದ ಗೋಡೆ ಕಡೆ ಚಾಚು’ ಅನ್ನಿ, ಹೆಗಲು ತಾನಾಗಿ ಇಳಿಯುತ್ತೆ.

ಬೆವರು_ಬೆಂಗಳೂರು

ಜಾಗದ ಲೆಕ್ಕ ಹೇಗೆ? ನಮ್ಮ ಕಡೆ ಕಾಲೇಜುಗಳಲ್ಲಿ ಸಿಗೋದು ಒಂದು ತರಗತಿ ಕೋಣೆ, ಬೆಂಚು ಪಕ್ಕಕ್ಕೆ ತಳ್ಳಿದರೆ 600 ಚದರಡಿ.

ಮಣೆಕೋಲು

ಒಬ್ಬರಿಗೆ ಆರಡಿಗೆ ಆರಡಿ ಬೇಕು, 30 ಜನಕ್ಕೆ 1,080 ಚದರಡಿ. 600ರಲ್ಲಿ 30 ಜನ ನಿಂತರೆ ನಾಟಡವಿನಲ್ಲಿ ಒಬ್ಬರ ಹಿಮ್ಮಡಿ ಇನ್ನೊಬ್ಬರ ಕಾಲಿಗೆ. ಎರಡು ತಂಡ ಮಾಡಿ. ಒಂದು ತಂಡ ಕುಣಿಯಲಿ, ಇನ್ನೊಂದು ಕೂತು ತಾಳ ಹಾಕಿ ಸೊಲ್ಲು ಹೇಳಲಿ, ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸಿ. ಕಾಲಿಗೆ ಬಿಡುವು, ಬಾಯಿಗೆ ಪಾಠ, ಕಣ್ಣಿಗೆ ಬೇರೆಯವರ ತಪ್ಪು ಕಾಣೋ ಅಭ್ಯಾಸ. ಜಾಗ ಸಾಕಷ್ಟಿದ್ದರೂ ಹೀಗೇ ಮಾಡಿಸೋದು ಒಳ್ಳೇದು. ಸಾಲುಗಳನ್ನು ಪ್ರತಿ ತರಗತಿಗೂ ತಿರುಗಿಸಿ, ಹಿಂದಿನ ಸಾಲಿನವರು ಇಡೀ ಸೆಮಿಸ್ಟರ್ ಹಿಂದೇ ಉಳಿಯಬಾರದು.

ಕುಂದಾಪ್ರದ_ಹೆಜ್ಜೆ

ಗೆಜ್ಜೆ ಯಾವಾಗ ಕಟ್ಟಿಸುವುದು? ನಮ್ಮಲ್ಲಿ ಗೆಜ್ಜೆ ಕಟ್ಟಿದರೆ ಹುಡುಗರಿಗೆ ಉಮೇದು ಬರುತ್ತದೆ.

ಮಣೆಕೋಲು

ಮೊದಲ ಸೆಮಿಸ್ಟರಿನಲ್ಲಿ ಬೇಡ. ಗೆಜ್ಜೆಯ ಝಣಝಣದಲ್ಲಿ ಒಡೆದ ಹೊಡೆತ ಮುಚ್ಚಿಹೋಗುತ್ತೆ, ಯಾರ ಪಾದ ತಪ್ಪಿದೆ ಅಂತ ಕೇಳಿಸೋದೇ ಇಲ್ಲ. ಕೊನೆಯ ಪ್ರದರ್ಶನಕ್ಕೆ ಬೇಕೇ ಬೇಕು ಅಂದ್ರೆ ಒಂದೆರಡು ಸಾಲಿನ ಹಗುರವಾದದ್ದು, ಕೆಳಗೆ ಹತ್ತಿ ಬಟ್ಟೆ ಸುತ್ತಿ.

ಶ್ರುತಿಪೆಟ್ಟಿಗೆ

ಗೆಜ್ಜೆಗೆ ಪೂಜೆ ಮಾಡಿ ಕಟ್ಟೋದು ಸಂಪ್ರದಾಯ, ಪ್ರದರ್ಶನದ ಸಾಮಾನಿನ ಥರ ಮಾತಾಡಬೇಡಿ.

ಮಣೆಕೋಲು

ಅದಕ್ಕೇ ಅವಸರ ಬೇಡ ಅಂದಿದ್ದು.

ನಾಟಡವು_ನೀಲಿ

ಭೂಮಿ ನಮಸ್ಕಾರದ ಬಗ್ಗೆ? ಬೇರೆ ಬೇರೆ ಧರ್ಮದ ಮಕ್ಕಳು ಇರ್ತಾರೆ, ಒಬ್ಬಿಬ್ಬರು ಹಿಂಜರಿದರೆ ಒತ್ತಾಯ ಮಾಡಬೇಕಾ?

ಮೈಸೂರು_ಮಲ್ಲಿಗೆ

ಒತ್ತಾಯ ಸಲ್ಲದು. ತುಳಿಯುವ ನೆಲಕ್ಕೆ ಕ್ಷಮೆ ಕೇಳುವುದು ಅದರ ಭಾವ, ಅಷ್ಟನ್ನು ತಿಳಿಸಿ. ಅದರೊಳಗಿನ ಚಲನೆ ನೃತ್ಯದ ಭಾಗ, ಎಲ್ಲರೂ ಕಲಿಯಲಿ. ಮನಸ್ಸಿನಲ್ಲಿ ಯಾರನ್ನು ನೆನೆಯುತ್ತಾರೆ ಎನ್ನುವುದು ಅವರವರಿಗೆ ಬಿಟ್ಟದ್ದು. ಹಾಗೆಯೇ ಮೈ ಮುಟ್ಟಿ ತಿದ್ದುವ ಮುನ್ನ ಕೇಳಿ. ‘ಮಂಡಿ ಹಿಡಿದು ತೋರಿಸಲಾ?’ ಎಂದರೆ ಎರಡು ಸೆಕೆಂಡ್. ಹುಡುಗರಿರಲಿ ಹುಡುಗಿಯರಿರಲಿ, 18ರ ವಯಸ್ಸಿನವರಿಗೆ ಇದು ದೊಡ್ಡ ವಿಷಯ. ಕೋಲು ಮಣೆಗೆ ಮಾತ್ರ, ಕಾಲಿಗೆ ಎಂದೂ ತಾಗಬಾರದು.

ಬೆವರು_ಬೆಂಗಳೂರು

ಉಡುಪು: ಜೀನ್ಸ್ ಬೇಡ, ಮಂಡಿ ಬಗ್ಗಲ್ಲ. ಮಂಡಿ ಮುಚ್ಚೋ ಉದ್ದ ಕುರ್ತಾ ಬೇಡ, ಮಂಡಿ ಎತ್ತ ನೋಡ್ತಿದೆ ಅಂತ ಕಾಣಲ್ಲ. ದುಪಟ್ಟಾ ಅಡ್ಡ ಹಾಕಿ ಸೊಂಟಕ್ಕೆ ಕಟ್ಟಲಿ.

ಲಯವಿನ್ಯಾಸ

ವಿಡಿಯೋ ತೆಗೆದು ತೋರಿಸೋರು ಪಕ್ಕದಿಂದ ತೆಗೀರಿ. ಎದುರಿಂದ ತೆಗೆದರೆ ಸೊಂಟ ಹಿಂದೆ ಚಾಚಿರೋದು ಗೊತ್ತೇ ಆಗಲ್ಲ.

ಹೆಜ್ಜೆಗುರುತು

ಎಲ್ಲರಿಗೂ ಧನ್ಯವಾದ, ಬರೆದಿಟ್ಟುಕೊಂಡೆ. ಉಳಿದದ್ದು ಅಲರಿಪು. ಕೊನೆಗೆ ಒಂದು ಪ್ರದರ್ಶನ ಬೇಕು ಅಂತ ಪ್ರಾಂಶುಪಾಲರು ಹೇಳ್ತಿದ್ದಾರೆ. ಅಂಕ ಹಂಚೋದೂ ಹೇಗೆ ಅಂತ ಹೇಳಿ, ಪ್ರಾಯೋಗಿಕಕ್ಕೆ 50 ಇದೆ.

ಶ್ರುತಿಪೆಟ್ಟಿಗೆ

ತಿಶ್ರ (ಮೂರರ ಎಣಿಕೆಯ) ಅಲರಿಪು ಮಾಡಿಸಿ. ಮೂರು ನಿಮಿಷದ್ದು. ನೃತ್ಯ ಕಲಿತೆ ಅಂತ ಹೇಳ್ಕೊಳ್ಳೋಕೆ ಒಂದು ನೃತ್ಯಬಂಧ ಕೈಯಲ್ಲಿರಬೇಕು.

ಹುಬ್ಬಳ್ಳಿ_ಫಿಸಿಯೋ

ಅದರಾಗ ಪೂರ್ಣಮಂಡಿ (ಮಂಡಿ ತೆರೆದು ಪೂರ್ತಿ ಕೆಳಗ) ಕೂತು ಎದ್ದು ಮಾಡೂದು ಅದ. 15 ವಾರದ ಮಂಡಿಗೆ ಅದು ಬ್ಯಾಡ.

ಲಯವಿನ್ಯಾಸ

ಮಧ್ಯದ ದಾರಿ ಇದೆ. ಅಲರಿಪುವಿನ ಮೊದಲ ಭಾಗ, ಸಮಪಾದದಲ್ಲಿ (ಎರಡೂ ಪಾದ ಜೋಡಿಸಿ) ನಿಂತು ಕಣ್ಣು, ಕತ್ತು, ಹೆಗಲು ಮಾಡೋದು, ಅಷ್ಟನ್ನೇ ತಗೊಳ್ಳಿ. ತಿಶ್ರದ ‘ತಕಿಟ’ ಅವರಿಗೆ ಹೊಸ ನಡೆ, ಚತುರಶ್ರದಲ್ಲೇ (ನಾಲ್ಕರ ಎಣಿಕೆ) ಇದ್ದವರಿಗೆ ಕಿವಿ ತೆರೆಯುತ್ತೆ. ಅದಾದ ಮೇಲೆ ಆದಿತಾಳದಲ್ಲಿ ಅಡವು ಜೋಡಣೆ: ಒಂದನೇ ತಟ್ಟಡವು ಎರಡು ಆವರ್ತ, ಎರಡನೆಯದು ಎರಡು, ನಾಟಡವು ನಾಲ್ಕು, ಮೆಟ್ಟಡವು ಎರಡು, ಕೊನೆಗೆ ಮೂರು ಸಲ ‘ತಧಿಂಗಿಣತೋಂ’ ಹೇಳಿ ಸಮಕ್ಕೆ (ಆವರ್ತದ ಮೊದಲ ಏಟಿಗೆ) ಮುಕ್ತಾಯ. ಐದಕ್ಷರ ಮೂರು ಸಲ ಅಂದ್ರೆ 15. ಅಕ್ಷರಕ್ಕೊಂದು ಏಟಿನಂತೆ ಎರಡು ಆವರ್ತದ 16 ಏಟಿನಲ್ಲಿ ಮೊದಲ ಏಟು ಬಿಟ್ಟು ಶುರು ಮಾಡಿದರೆ ಮುಗಿದು ಮುಂದಿನ ಸಮ ಸಿಗುತ್ತೆ, ಅಲ್ಲಿ ಒಂದು ಹೊಡೆತ ಹೊಡೆದು ನಿಲ್ಲೋದು. ಎರಡು ತಂಡ ಎದುರುಬದುರು ನಿಂತು ಒಂದೊಂದು ಆವರ್ತ ಹಂಚಿಕೊಂಡರೆ ವೇದಿಕೆಯೂ ತುಂಬುತ್ತೆ, ದಣಿವೂ ಕಡಿಮೆ.

ತಾಳೆಗರಿ

ಅಂಕ: ತಾಳ ಹಾಕಿ ಸೊಲ್ಲು ಹೇಳೋದಕ್ಕೆ 10, ಅಡವಿಗೆ 15, ನಿಲುವಿಗೆ 10, ಹಸ್ತಕ್ಕೆ 5, ಅಭಿನಯದ ಎರಡು ಸಾಲಿಗೆ 10. ನಿಲುವಿನ ಅಂಕವನ್ನು ಎಷ್ಟು ಕೆಳಗೆ ಕೂತರು ಅಂತ ಕೊಡಬೇಡಿ. ಮಂಡಿ ಎರಡನೇ ಬೆರಳಿನ ಮೇಲಿದೆಯಾ, ಬೆನ್ನು ನೆಟ್ಟಗಿದೆಯಾ, ಶುರುವಿನ ಎತ್ತರ ಕೊನೆವರೆಗೂ ಉಳೀತಾ, ಇಷ್ಟು ನೋಡಿ. ಇದನ್ನು ಬರೆದು ಮೊದಲ ವಾರವೇ ಮಕ್ಕಳಿಗೂ ಹೊರಗಿನ ಪರೀಕ್ಷಕರಿಗೂ ಕೊಟ್ಟುಬಿಡಿ. ಆಮೇಲೆ ಆಳದ ಬಗ್ಗೆ ತಕರಾರು ಏಳಲ್ಲ.

ಶ್ರುತಿಪೆಟ್ಟಿಗೆ

ನಿಲುವಿಗೆ 15 ಇಟ್ಟು ಅಡವಿಗೆ 10 ಮಾಡಿ, ಉಳಿದದ್ದಕ್ಕೆ ನನ್ನ ಒಪ್ಪಿಗೆ ಇದೆ. ಎಂಟನೇ ತಟ್ಟಡವು ಮಾತ್ರ ಎರಡನೇ ಸೆಮಿಸ್ಟರಿಗೆ ಖಂಡಿತ ಹಾಕಿಸಿ.